ಇಟ್ಟಿಗೆಯೊಳಗಿನ ಬಿಲ್ಲುಗಾರರು

ಬೀದಿದೀಪ ಇನ್ನೂ ಆರಿಲ್ಲ. ಗ್ರಂಥಾಲಯದ ನೆಲಮಾಳಿಗೆಯ ಕೋಣೆಯಲ್ಲಿ ಪುಟ್ಟ ವಿದ್ಯುತ್ ಒಲೆಯ ಮೇಲೊಂದು ಪಾತ್ರೆ. ಅದರೊಳಗೆ ಬೆಳ್ಳಗೆ ಏನೋ ಕುದಿಯುತ್ತಿದೆ. ಏಪ್ರನ್ ಕಟ್ಟಿಕೊಂಡ ನಡುವಯಸ್ಸಿನ ಹೆಂಗಸೊಬ್ಬರು ಮರದ ಸೌಟನ್ನು ಒಂದೇ ದಿಕ್ಕಿಗೆ ತಿರುಗಿಸುತ್ತ ನಿಂತಿದ್ದಾರೆ. ನಿದ್ದೆಗಣ್ಣಿನಲ್ಲಿ, ಖಾಲಿ ಹೊಟ್ಟೆಯಲ್ಲಿ ಬಂದ ನಾನು ತಿಂಡಿಯ ಸಿದ್ಧತೆಯೇ ಇರಬೇಕೆಂದು ಆಸೆಯಿಂದ ಬಗ್ಗಿ ನೋಡುತ್ತೇನೆ. "ತಿನ್ನೋಕೇನೂ ಅಡ್ಡಿಯಿಲ್ಲ. ಉಪ್ಪು ಹಾಕಿಲ್ಲ ಅಷ್ಟೆ," ಎನ್ನುತ್ತಾರೆ ಅವರು, ಸೌಟು ನಿಲ್ಲಿಸದೆ.

ಅದು ಅಂಟು. ಗೋಧಿ ಹಿಟ್ಟನ್ನು ತೊಳೆದು ತೊಳೆದು ಉಳಿಸಿಕೊಂಡ ಬಿಳಿಯ ಪುಡಿಯನ್ನು ನೀರಿನಲ್ಲಿ ಬೇಯಿಸಿ, ಆರಿಸಿ, ಜರಡಿಯಲ್ಲಿ ಮತ್ತೆ ಮತ್ತೆ ಒತ್ತಿ ತೆಗೆದರೆ, ಹರಿದ ಹಳೆಯ ಹಾಳೆಗೆ ತೇಪೆ ಹಾಕಲು ಅದಕ್ಕಿಂತ ಒಳ್ಳೆಯದು ಇನ್ನೊಂದಿಲ್ಲವಂತೆ. ತೇಪೆ ಬೇಡವೆನಿಸಿದ ದಿನ ಸ್ವಲ್ಪ ನೀರು ಸೋಕಿಸಿದರೆ ಗಲಾಟೆಯಿಲ್ಲದೆ ಬಿಟ್ಟುಕೊಡುತ್ತದೆ. ದಿನಾ ಬೆಳಿಗ್ಗೆ ಇದನ್ನು ಹೊಸದಾಗಿ ಕಾಯಿಸುವ ಇವರಿಗೆ ಇಡೀ ಗ್ರಂಥಾಲಯದಲ್ಲಿ ಅಂಟಕ್ಕ ಎಂದೇ ಹೆಸರು. ಕಾಗದದ ಮೇಲೆ ಇವರು ಹಸ್ತಪ್ರತಿ ದುರಸ್ತಿಗಾರ್ತಿ. ಹಾಗೆಂದು ಕೇಳಿಕೊಂಡು ಹೋದರೆ ಬಾಗಿಲ ಕಾವಲುಗಾರನಿಗೆ ತಲೆಬುಡ ತಿಳಿಯುವುದಿಲ್ಲ. "ಓ, ಅಂಟಕ್ಕನಾ?" ಎಂದು ಅವನೇ ತಿದ್ದಿ ನನ್ನನ್ನು ಕೆಳಗೆ ಕಳಿಸಿದ.

ಇಷ್ಟು ಬೇಗ ಯಾಕೆ ಬರುತ್ತೀರಿ ಎಂದು ಕೇಳಿದರೆ ಗೋಡೆಯ ಕಡೆ ಕೈ ತೋರಿಸುತ್ತಾರೆ. ಗೋಡೆಯ ಆಚೆ ದೊಡ್ಡ ರಸ್ತೆ. ಬಿಸಿಲೇರುತ್ತಿದ್ದಂತೆ ಸರಕು ತುಂಬಿದ ಲಾರಿಗಳು ಶುರುವಾಗುತ್ತವೆ. "ಲಾರಿ ಹೋದ್ರೆ ಮೇಜು ನಡುಗುತ್ತೆ. ಮೇಜು ನಡುಗಿದ್ರೆ ನನ್ನ ಕೈ ನಡುಗುತ್ತೆ. ಕೈ ನಡುಗಿದ್ರೆ ಚಿತ್ರದಲ್ಲಿರೋ ಯಾವುದೋ ದೇವದೂತನ ರೆಕ್ಕೆ ಹೋಗುತ್ತೆ. ಪಾಪ, ಅವನೇನು ಮಾಡಿದ?" ನಗರದ ಮೊದಲ ಬಸ್ಸನ್ನು ಓಡಿಸುವುದು ಅಂಟಕ್ಕನ ಯಜಮಾನರೇ. ಹೆಂಡತಿಯನ್ನು ಗ್ರಂಥಾಲಯದ ಮುಂದಿನ ನಿಲ್ದಾಣದಲ್ಲಿ ಇಳಿಸಿಯೇ ಅವರು ಮುಂದೆ ಹೋಗುವುದು. ಟಿಕೆಟ್ ಮಾತ್ರ ಕೊಳ್ಳಲೇಬೇಕು, ಅದರಲ್ಲಿ ದಾಕ್ಷಿಣ್ಯವಿಲ್ಲ ಎಂದು ಅಂಟಕ್ಕ ದೂರುತ್ತಾರೆ. ದೂರಿನಲ್ಲಿ ಹೆಮ್ಮೆಯೇ ಜಾಸ್ತಿ.

ಅಂಟು ಆರಲು ಬಿಟ್ಟು ಅವರು ಮೇಜಿನ ಮುಂದೆ ಕೂರುತ್ತಾರೆ. ಮೇಜಿನ ಮೇಲೆ ಒಂದು ಜೋಡಿ ಹಾಳೆ, ಒಂದಕ್ಕೊಂದು ಕಚ್ಚಿಕೊಂಡಿವೆ. ಉಸಿರಾಡುವ ತೆಳು ಬಟ್ಟೆಯೊಂದನ್ನು ಅವುಗಳ ಮೇಲೆ ಹೊದಿಸಿ, ಅದರ ಮೂಲಕ ಆವಿ ಹಾಯಿಸುತ್ತಾರೆ. ನೀರು ತಾಕಬಾರದು, ನೀರಿನ ಉಸಿರು ಮಾತ್ರ ತಾಕಬೇಕು. ಆವಿ ಕಡಿಮೆಯಾದರೆ ಹಾಳೆ ಹರಿಯುತ್ತದೆ, ಹೆಚ್ಚಾದರೆ ಬಣ್ಣ ಕದಡುತ್ತದೆ. ಎರಡರ ನಡುವಿನ ಆ ಹದ ಸಿಕ್ಕಿತೋ ಇಲ್ಲವೋ ಎಂದು ತಿಳಿಯಲು ಅಂಟಕ್ಕ ಬಾಗಿ ಹಾಳೆಯ ಅಂಚನ್ನು ಮೇಲ್ದುಟಿಗೆ ತಾಗಿಸಿ ನೋಡುತ್ತಾರೆ. ತಣ್ಣಗಿದ್ದರೆ ಒಳಗೆ ಪಸೆಯಿದೆ ಎಂದರ್ಥ. ಪಕ್ಕದಲ್ಲೇ ತೇವ ಅಳೆಯುವ ಯಂತ್ರವೂ ಇದೆ. ಅದರ ಮುಳ್ಳನ್ನೂ ನೋಡುತ್ತಾರೆ. ತುಟಿ, ಯಂತ್ರ ಇಬ್ಬರೂ ಒಪ್ಪಿದ ಮೇಲೇ ಕೈ ಹಾಕುವುದು. ಆಮೇಲೆ ಮೂಳೆಯಿಂದ ಮಾಡಿದ, ನಾಲಿಗೆಯಷ್ಟು ತೆಳ್ಳಗಿನ ಒಂದು ಸಲಕರಣೆ ಹಾಳೆಗಳ ನಡುವೆ ನುಸುಳುತ್ತದೆ. ನಾನು ಉಸಿರು ಬಿಗಿಹಿಡಿದಿದ್ದೇನೆ. "ಉಸಿರಾಡಿ, ನಿಮಗೇನಾದ್ರೂ ಆದ್ರೆ ಎತ್ತೋಕೆ ನನ್ನ ಕೈ ಖಾಲಿ ಇಲ್ಲ," ಎನ್ನುತ್ತಾರೆ.

ಈ ಹಾಳೆಗಳ ಕಥೆ ಹೇಳದೆ ಅಂಟಕ್ಕನ ಕಥೆ ಹೇಳಲು ಬರುವುದಿಲ್ಲ. ಅರಬ್ಬಿ ಲಿಪಿಯಲ್ಲಿ ಕೈಯಿಂದ ಬರೆದ, ಪುಟಪುಟಕ್ಕೂ ಚಿತ್ರವಿರುವ ಈ ಪುಸ್ತಕ ಶತಮಾನಗಳ ಹಿಂದಿನದು. ಸೃಷ್ಟಿಯಲ್ಲಿ ಅಚ್ಚರಿಯೆನಿಸುವುದನ್ನೆಲ್ಲ ಒಂದೇ ರಟ್ಟಿನೊಳಗೆ ಸೇರಿಸುತ್ತೇನೆಂದು ಹಟ ತೊಟ್ಟವರು ಮಾಡಿದ ಕೆಲಸ. ಮೊದಲಿಗೆ ಮೇಲಿನ ಲೋಕ. ಭೂಮಿಯನ್ನು ಹೆಗಲ ಮೇಲೆ ಹೊತ್ತ ದೇವದೂತ, ಅವನ ಕಾಲಡಿ ಗೂಳಿ, ಗೂಳಿಯ ಕಾಲಡಿ ಮೀನು. ಆಮೇಲೆ ಗ್ರಹಗಳು. ಶನಿ ಹಲವು ಕೈಗಳ ಮುದುಕ, ಕುಜ ಕತ್ತಿ ಹಿಡಿದ ಸಿಡುಕ, ಶುಕ್ರ ತಂತಿವಾದ್ಯ ನುಡಿಸುತ್ತ ಕುಳಿತ ಚೆಲುವೆ. ಅದಾದ ಮೇಲೆ ನಕ್ಷತ್ರಪುಂಜಗಳು, ಅಲ್ಲಿಂದ ಕೆಳಗಿಳಿದು ಕಡಲು, ದ್ವೀಪ, ಆನೆಯನ್ನೇ ಎತ್ತಿಕೊಂಡು ಹಾರುವ ಹಕ್ಕಿ, ಎದೆಯಲ್ಲೇ ಮುಖವಿರುವ ಜನ. ನೋಡುತ್ತ ಕೂತರೆ ಊಟ ಮರೆತುಹೋಗುತ್ತದೆ.

ಆದರೆ ಒಂದು ತಲೆಮಾರಿನ ಕಾಲ ಇದನ್ನು ಯಾರೂ ನೋಡಲಿಲ್ಲ. ಪುಸ್ತಕ ತೆರೆಯುತ್ತಲೇ ಇರಲಿಲ್ಲ. ಇಡೀ ಗ್ರಂಥಾಲಯ ಅದನ್ನು ಕರೆಯುತ್ತಿದ್ದದ್ದು ಇಟ್ಟಿಗೆ ಎಂದು.

ಅದನ್ನು ಇಟ್ಟಿಗೆ ಮಾಡಿದವರು ಅಂಟಕ್ಕನ ಮಾವ. ಇದನ್ನು ಅಂಟಕ್ಕನೇ ಹೇಳುತ್ತಾರೆ, ಮುಚ್ಚುಮರೆಯಿಲ್ಲದೆ, ಮಾವನ ಅಪ್ಪಣೆ ಪಡೆದು. ಅವರು ಈ ಗ್ರಂಥಾಲಯದ ರಟ್ಟು ಕಟ್ಟುವ ಕೆಲಸಗಾರರಾಗಿದ್ದರು. ಎಲ್ಲರ ಬಾಯಲ್ಲೂ ಬೈಂಡಿಂಗ್ ತಾತ. ಒಂದು ರಜೆಯ ದಿನ ಛಾವಣಿಯ ನೀರಿನ ಪೈಪು ಒಡೆದು ಕಪಾಟಿನ ಮೇಲೆ ಸುರಿಯಿತು. ಮರುದಿನ ಬಾಗಿಲು ತೆಗೆದ ತಾತ ನೆಂದ ಪುಸ್ತಕಗಳನ್ನು ಎದೆಗವಚಿಕೊಂಡು ಓಡಿ ಬಂದು, ರಟ್ಟು ಕಟ್ಟುವ ಯಾರೇ ಆದರೂ ಮಾಡುವುದನ್ನೇ ಮಾಡಿದರು. ನೆಂದ ಕಾಗದ ಸೊಟ್ಟಗಾಗಬಾರದೆಂದು ಕಬ್ಬಿಣದ ಒತ್ತುಯಂತ್ರದಲ್ಲಿ ಇಟ್ಟು, ಮೇಲಿನ ಚಕ್ರವನ್ನು ಮೈಯ ಶಕ್ತಿಯೆಲ್ಲ ಹಾಕಿ ತಿರುಗಿಸಿದರು. ಅಚ್ಚಾದ ಪುಸ್ತಕಗಳು ಇಸ್ತ್ರಿ ಹಾಕಿದಂತೆ ನೆಟ್ಟಗೆ ಹೊರಬಂದವು. ಈ ಪುಸ್ತಕದ ಹಾಳೆ ಬೇರೆ ಜಾತಿಯದು. ಗಂಜಿ ಹಚ್ಚಿ, ನುಣುಪು ಕಲ್ಲಿನಿಂದ ಉಜ್ಜಿ ಹೊಳಪು ಕೊಟ್ಟದ್ದು. ಬಣ್ಣದಲ್ಲೂ ಮರದ ಗೋಂದು. ನೀರು ಕುಡಿದು ಒತ್ತಿಸಿಕೊಂಡಾಗ ಅಷ್ಟೂ ಹಾಳೆ ಸೇರಿ ಒಂದೇ ಗಟ್ಟಿಯಾಯಿತು.

ಯಾರೂ ಅವರನ್ನು ಬೈಯಲಿಲ್ಲವಂತೆ. ಬೈದಿದ್ದರೆ ಚೆನ್ನಾಗಿತ್ತು ಎನ್ನುತ್ತಾರೆ ಸೊಸೆ. ತಾತ ಆ ದಿನದಿಂದ ನಿವೃತ್ತಿಯವರೆಗೂ ಒತ್ತುಯಂತ್ರವನ್ನು ಮುಟ್ಟಲಿಲ್ಲ. ಒತ್ತಬೇಕಾದ ಪುಸ್ತಕದ ಮೇಲೆ ಕಲ್ಲು ಹೇರಿ ಕೆಲಸ ಸಾಗಿಸಿದರು. ಯಂತ್ರ ಈಗಲೂ ಕೋಣೆಯ ಮೂಲೆಯಲ್ಲಿದೆ, ಮೇಲೊಂದು ಬಟ್ಟೆ ಹೊದ್ದುಕೊಂಡು. ಅಂಟಕ್ಕ ಅದರ ಮೇಲೆ ಚಹಾದ ಫ್ಲಾಸ್ಕ್ ಇಡುತ್ತಾರೆ.

ಅಂಟಕ್ಕ ಬೇಕರಿಯವರ ಮಗಳು. ತವರಿನಲ್ಲಿ ಬೆಳಗಾಗುವ ಮುಂಚೆ ಎದ್ದು ಹಿಟ್ಟು ನಾದುತ್ತಿದ್ದವರು, ಮದುವೆಯಾಗಿ ಬಂದ ಮನೆಯಲ್ಲಿ ಊಟದ ಮೇಜಿನ ತುಂಬ ರಟ್ಟು, ದಾರ, ಸೂಜಿ ಕಂಡು ಕಂಗಾಲಾದರಂತೆ. ಮಾವ ಮನೆಯಲ್ಲೂ ಕೆಲಸ ಮಾಡುತ್ತಿದ್ದರು. ಒಂದು ದಿನ ಅವರು ಕಾಯಿಸಿದ ಅಂಟು ಗಂಟುಗಂಟಾದದ್ದನ್ನು ಹೊಸ ಸೊಸೆ ನೋಡಿ, ಬಾಯಿ ತಡೆಯದೆ, ಇದನ್ನು ನಮ್ಮಪ್ಪ ನೋಡಿದ್ದರೆ ಬೇಕರಿಯಿಂದ ಹೊರಗೆ ಹಾಕುತ್ತಿದ್ದರು ಎಂದುಬಿಟ್ಟರು. ಮಾವ ಸೌಟನ್ನು ಅವರ ಕೈಗೆ ಕೊಟ್ಟರು. ಅಲ್ಲಿಂದ ಶುರು. ದಾರ ಹಾಕುವುದು, ಹಾಳೆಯ ನಾರು ಯಾವ ದಿಕ್ಕಿಗಿದೆಯೆಂದು ನೋಡುವುದು, ತುಟಿಗೆ ತಾಗಿಸಿ ಪಸೆ ತಿಳಿಯುವುದು, ಎಲ್ಲ ಅವರಿಂದಲೇ ಬಂದದ್ದು. ಮೂಳೆಯ ಆ ಸಲಕರಣೆಯೂ ಅವರೇ ತೇಯ್ದು ಕೊಟ್ಟದ್ದು. ಆವಿಯ ಕೆಲಸ ಮಾತ್ರ ಅಂಟಕ್ಕ ಆಮೇಲೆ ತರಬೇತಿಗೆ ಹೋಗಿ ಕಲಿತು ಬಂದರು. "ಅಲ್ಲಿ ಆವಿ ಹಾಯಿಸಿ ಹಾಳೆ ಬಿಡಿಸೋದು ತೋರಿಸಿದಾಗ ಎಲ್ಲರೂ ಬರ್ಕೋತಿದ್ರು. ನಾನು ಬರ್ಕೊಳ್ಳಲಿಲ್ಲ. ನನಗೆ ಇಟ್ಟಿಗೆ ಕಣ್ಣ ಮುಂದೆ ಬಂದ್ಬಿಡ್ತು," ಎಂದು ನೆನೆಯುತ್ತಾರೆ.

ಅವರ ಆತುರಕ್ಕೆ ಇನ್ನೊಂದು ಕಾರಣವಿತ್ತು. ತಾತನ ಕಣ್ಣಿನ ನರ ಸೊರಗುತ್ತಿದೆ. ಸುತ್ತಲಿನದೆಲ್ಲ ಕತ್ತಲಾಗಿ, ಈಗ ಬೀಗದ ಕಿಂಡಿಯಲ್ಲಿ ನೋಡಿದಷ್ಟು ಮಾತ್ರ ಕಾಣುತ್ತದೆ. ಹೋದದ್ದು ಮರಳಿ ಬರುವುದಿಲ್ಲ, ಇರುವುದೂ ಎಷ್ಟು ದಿನವೋ ತಿಳಿಯದು ಎಂದು ವೈದ್ಯರು ಹೇಳಿಬಿಟ್ಟಿದ್ದಾರೆ. ಆ ಕಿಂಡಿ ಮುಚ್ಚುವ ಮೊದಲು ಪುಸ್ತಕ ತೆರೆದು ಮಾವನಿಗೆ ತೋರಿಸಬೇಕು, ಅಷ್ಟೇ ಸೊಸೆಯ ಹಟ.

ಹಸ್ತಪ್ರತಿ ವಿಭಾಗದ ಮುಖ್ಯಸ್ಥೆ ಸುಲಭಕ್ಕೆ ಒಪ್ಪಲಿಲ್ಲ. ತಾತನ ಕಾಲ ಮುಗಿದ ಮೇಲೆ ಬಂದವರು ಅವರು. ಪುಸ್ತಕವನ್ನು ಇಟ್ಟಿಗೆಯಾಗಿಯೇ ಕಂಡವರು. ಮುಚ್ಚಿದ್ದರೆ ಒಳಗಿನ ಚಿತ್ರ ಕಾಣದಿದ್ದರೂ ಉಳಿದಿರುತ್ತದೆ, ಬಿಚ್ಚಲು ಹೋಗಿ ಬಣ್ಣ ಕಿತ್ತು ಬಂದರೆ ಅದೂ ಇಲ್ಲ ಎಂಬುದು ಅವರ ವಾದ. ಆ ಮಾತು ಸರಿಯೇ ಇತ್ತು ಎಂದು ಅಂಟಕ್ಕನೂ ಒಪ್ಪುತ್ತಾರೆ. ಕೊನೆಗೊಂದು ಷರತ್ತಿನ ಮೇಲೆ ಅಪ್ಪಣೆ ಸಿಕ್ಕಿತು. ಮೊದಲು ಒಂದೇ ಒಂದು ಜೋಡಿ ಪುಟ. ಅಲ್ಲಿ ಬಣ್ಣ ಹೋದರೆ ಕೆಲಸ ಅಲ್ಲಿಗೇ ನಿಲ್ಲಬೇಕು, ಪುಸ್ತಕ ಪೆಟ್ಟಿಗೆ ಸೇರಬೇಕು. ಅಂಟಕ್ಕ ಈ ವಿಷಯವನ್ನು ಮನೆಯಲ್ಲಿ ಬಾಯಿಬಿಡಲಿಲ್ಲ. ಸೋತರೆ ಮಾವನ ಎದೆ ಎರಡನೇ ಸಲ ಒಡೆಯುವುದು ಬೇಡವೆಂದು ಗಂಡನಿಗೂ ಹೇಳಲಿಲ್ಲ.

ಇಟ್ಟಿಗೆಯ ನಡುವೆ ಒಂದು ಕಡೆ ಅಂಚು ತುಸು ಸಡಿಲ ಕಂಡಿತು. ಅಲ್ಲಿಂದಲೇ ಶುರುಮಾಡಿದರು. ದಿನಗಟ್ಟಲೆ ಆವಿ, ತುಟಿ, ಮೂಳೆ. ಕೊನೆಗೊಂದು ಬೆಳಿಗ್ಗೆ ಪುಟಗಳು ತಮ್ಮಷ್ಟಕ್ಕೆ ಬಿಟ್ಟುಕೊಂಡು ಎರಡೂ ಬದಿಗೆ ಒರಗಿದವು. ಬಲಗಡೆಯ ಪುಟದಲ್ಲಿ ಒಬ್ಬ ಬಿಲ್ಲುಗಾರ. ಸೊಂಟದ ಕೆಳಗೆ ಕುದುರೆ, ತಲೆಗೆ ರುಮಾಲು, ಮೈತುಂಬ ಬಂಗಾರದ ಚುಕ್ಕಿಗಳು. ಅಂಟಕ್ಕನ ಕಣ್ಣು ಎಡಗಡೆ ಹೊರಳಿತು. ಅಲ್ಲಿಯೂ ಅದೇ ಬಿಲ್ಲುಗಾರ, ಕನ್ನಡಿಯಲ್ಲಿ ಕಂಡಂತೆ ತಿರುಗುಮುರುಗಾಗಿ, ಇವನಿಗೇ ಗುರಿಯಿಟ್ಟು ನಿಂತಿದ್ದಾನೆ.

ದುರಸ್ತಿ ಕೆಲಸದವರಿಗೆ ಇದಕ್ಕಿಂತ ಕೆಟ್ಟ ನೋಟವಿಲ್ಲ. ಒಂದು ಪುಟದ ಬಣ್ಣ ಎದುರಿನ ಪುಟಕ್ಕೆ ಅಂಟಿ ಕಿತ್ತು ಬಂದಾಗ ಹೀಗೇ ಆಗುತ್ತದೆ; ಚಿತ್ರದ ಉಲ್ಟಾ ಅಚ್ಚು ಆಚೆ ಕಡೆ ಮೂಡುತ್ತದೆ. "ಮಾವ ಮಾಡಿದ್ದನ್ನೇ ನಾನೂ ಮಾಡ್ದೆ ಅನ್ನಿಸ್ತು. ಅವರು ಗೊತ್ತಿಲ್ಲದೆ ಮಾಡಿದ್ರು, ನಾನು ಗೊತ್ತಿದ್ದೂ ಮಾಡ್ದೆ," ಎನ್ನುವಾಗ ಅವರ ದನಿ ಈಗಲೂ ಇಳಿಯುತ್ತದೆ. ಎರಡೂ ಪುಟಕ್ಕೆ ತೆಳು ಕಾಗದ ಮುಚ್ಚಿ, ನೆಲದ ಮೇಲೆ ಕುಳಿತು, ಅಳುತ್ತಲೇ ಮುಖ್ಯಸ್ಥೆಗೆ ಫೋನ್ ಮಾಡಿದರು. ಎಲ್ಲ ಮುಗಿಯಿತು, ಪೆಟ್ಟಿಗೆ ತರಿಸಿ ಎಂದಷ್ಟೇ ಹೇಳಿದರಂತೆ.

ಮುಖ್ಯಸ್ಥೆ ತಲೆ ಬಾಚದೆ ಓಡಿ ಬಂದರು. ಕಾಗದ ಸರಿಸಿ, ಭೂತಗನ್ನಡಿ ಹಿಡಿದು ಒಬ್ಬ ಬಿಲ್ಲುಗಾರನ ತಲೆಯ ಮೇಲಿನ ಸಾಲು ಓದಿದರು. ಇನ್ನೊಬ್ಬನ ತಲೆಯ ಮೇಲಿನದನ್ನೂ ಓದಿದರು. ಆಮೇಲೆ ಅವರೂ ನೆಲದ ಮೇಲೆ ಕುಳಿತು ನಗಲು ಶುರುಮಾಡಿದರು. ಒಂದರ ಮೇಲೆ "ಆಕಾಶದಲ್ಲಿ ಕಾಣುವಂತೆ" ಎಂದು ಬರೆದಿತ್ತು. ಇನ್ನೊಂದರ ಮೇಲೆ "ಗೋಳದ ಮೇಲೆ ಕಾಣುವಂತೆ" ಎಂದು. ಬಿಲ್ಲುಗಾರನೆಂದರೆ ಒಂದು ನಕ್ಷತ್ರಪುಂಜ. ಆ ಕಾಲದ ಖಗೋಳದವರು ಲೋಹದ ಗೋಳದ ಮೇಲೆ ನಕ್ಷತ್ರಗಳನ್ನು ಗುರುತಿಸಿಡುತ್ತಿದ್ದರು. ನಾವು ಆಕಾಶವನ್ನು ಒಳಗಿನಿಂದ ನೋಡುತ್ತೇವೆ, ಗೋಳವನ್ನು ಹೊರಗಿನಿಂದ. ಹಾಗಾಗಿ ಎಡ ಬಲವಾಗುತ್ತದೆ. ಯಾರಿಗೂ ಗೊಂದಲವಾಗದಿರಲಿ ಎಂದು ಚಿತ್ರಕಾರ ಪ್ರತಿ ಪುಂಜವನ್ನೂ ಎರಡೆರಡು ಸಲ ಬರೆದಿದ್ದ. ಗೊಂದಲವೇನೋ ಆಯಿತು, ಶತಮಾನಗಳ ನಂತರ, ಒಬ್ಬರಿಗೆ.

"ಏನೂ ಹೋಗಿಲ್ಲ. ಒಂದು ಚುಕ್ಕಿನೂ ಹೋಗಿಲ್ಲ," ಎಂದು ಮುಖ್ಯಸ್ಥೆ ಮತ್ತೆ ಮತ್ತೆ ಹೇಳಿದರಂತೆ. ಇದನ್ನು ಕೇಳುವಾಗ ನನಗೇ ಎದ್ದು ಕುಣಿಯಬೇಕೆನಿಸಿತು. ಅವರಿಬ್ಬರಿಗೆ ಆ ಬೆಳಿಗ್ಗೆ ಏನೆನಿಸಿರಬೇಕು!

ಆ ಸಂಜೆ ಅಂಟಕ್ಕನಿಗೆ ಬಾಯಿ ಕಟ್ಟಿಕೊಂಡು ಇರಲಾಗಲಿಲ್ಲ. ಚಹಾ ಕುಡಿಯುತ್ತಿದ್ದ ಮಾವನ ಮುಂದೆ ಕುಳಿತು, ಇಟ್ಟಿಗೆ ಬಿಟ್ಟಿತು ಮಾವ, ಒಬ್ಬ ಬಿಲ್ಲುಗಾರ ಸಿಕ್ಕಿದ ಎಂದರು. ತಾತ ಲೋಟ ಕೆಳಗಿಟ್ಟರು.

"ಇಬ್ರೂ ಇದ್ದಾರಾ?" ಎಂದು ಕೇಳಿದರು.

ಅವರಿಗೆ ಎಲ್ಲ ಗೊತ್ತಿತ್ತು. ಪುಸ್ತಕ ನೆನೆಯುವ ಮೊದಲು, ಹರೆಯದ ದಿನಗಳಲ್ಲಿ, ಅದರ ಸಡಿಲ ರಟ್ಟನ್ನು ಸರಿಮಾಡಲು ಕೊಟ್ಟಿದ್ದಾಗ ಊಟದ ಬಿಡುವಿನಲ್ಲಿ ಒಂದೊಂದೇ ಪುಟ ತಿರುವಿ ನೋಡುತ್ತಿದ್ದರು. ಕರಡಿ ಎರಡು, ಹಡಗು ಎರಡು, ಬಿಲ್ಲುಗಾರ ಇಬ್ಬರು. ಯಾಕೆಂದು ತಿಳಿಯದಿದ್ದರೂ ಎರಡೆರಡಿದ್ದದ್ದು ಮರೆತಿರಲಿಲ್ಲ. ಸೊಸೆ ನೆಲದ ಮೇಲೆ ಕುಳಿತು ಅತ್ತದ್ದನ್ನು ಕೇಳಿ, ತನ್ನನ್ನು ಒಂದು ಮಾತು ಕೇಳಿದ್ದರೆ ಅಷ್ಟು ಕಣ್ಣೀರು ಉಳಿಯುತ್ತಿತ್ತಲ್ಲ ಎಂದು ಗದರಿದರು. ಗದರುತ್ತಲೇ ಕಣ್ಣೊರೆಸಿಕೊಂಡರು. ಮರುದಿನ ಮಗನ ಬಸ್ಸಿನಲ್ಲಿ, ಟಿಕೆಟ್ ಕೊಂಡು, ಊರುಗೋಲು ಹಿಡಿದು ಗ್ರಂಥಾಲಯಕ್ಕೆ ಬಂದೇಬಿಟ್ಟರು.

ಅಲ್ಲಿಂದಾಚೆಗೆ ಬಿಡಿಸಿದ ಹಾಳೆಗಳನ್ನೆಲ್ಲ ಅವರಿಗೆ ತೋರಿಸುವುದೇ ಒಂದು ಪದ್ಧತಿಯಾಗಿದೆ. ನಾನು ಹೋದ ದಿನವೂ ತಾತ ಬಂದಿದ್ದಾರೆ. ಮೇಜಿನ ಮೇಲಿದ್ದ, ಪುಸ್ತಕದಲ್ಲಿ ಬಿಡಿಸಲು ಉಳಿದಿದ್ದ ಕೊನೆಯ ಜೋಡಿ ಬಿಡುವ ಹೊತ್ತಿಗೆ ಗೋಡೆಯಾಚೆ ಮೊದಲ ಲಾರಿ ಗುಡುಗುತ್ತದೆ, ಆದರೆ ಅಷ್ಟರಲ್ಲಿ ಮೂಳೆ ಆಚೆ ತುದಿ ಮುಟ್ಟಿದೆ. ಭೂಮಿ ಹೊತ್ತ ದೇವದೂತ ಹೊರಬರುತ್ತಾನೆ. ತಾತ ಮುಖವನ್ನು ಹಾಳೆಯ ಹತ್ತಿರ ತಂದು, ತಮ್ಮ ಕಿಂಡಿಯನ್ನು ಇಂಚಿಂಚಾಗಿ ಸರಿಸುತ್ತ, ಹಾಜರಿ ತೆಗೆದುಕೊಳ್ಳುವ ಮೇಷ್ಟರಂತೆ ಒಬ್ಬೊಬ್ಬರನ್ನೇ ಕರೆಯುತ್ತಾರೆ. ರೆಕ್ಕೆ ಇದೆ. ಗೂಳಿ ಇದೆ, ಕೊಂಬು ಎರಡೂ ಇದೆ. ಮೀನು ಇದೆ. ಮೀನಿನ ಕಣ್ಣು ಇದೆ.

ಎಲ್ಲವೂ ಉಳಿದಿಲ್ಲ. ಹಸಿರು ಬಣ್ಣದಲ್ಲಿದ್ದ ತಾಮ್ರ ಕೆಲವು ಪುಟಗಳ ಚೌಕಟ್ಟನ್ನೇ ತಿಂದಿದೆ. ಒಂದು ಕಡಲಪ್ರಾಣಿಯ ಬಾಲ ಎದುರಿನ ಪುಟದಲ್ಲೇ ಉಳಿದುಕೊಂಡಿದೆ. ಅದನ್ನು ಹೊಸದಾಗಿ ಬರೆದುಬಿಡಬಹುದಲ್ಲ ಎಂದು ಕೇಳಿ ನಾನು ಬೈಸಿಕೊಂಡೆ. "ಹೋದದ್ದು ಹೋಯ್ತು ಅಂತ ಕಾಣಬೇಕು. ನಾನು ಬಾಲ ಬರೆದ್ರೆ ಅದು ನನ್ನ ಬಾಲ ಆಗುತ್ತೆ," ಎನ್ನುತ್ತಾರೆ ಅಂಟಕ್ಕ. ಹುಳುಗಳ ಕಾಟ ಬೇರೆ. ಅಂಥ ಪುಸ್ತಕಗಳ ಮೊದಲ ಹಾಳೆಯಲ್ಲಿ ಕಬೀಕಜ್ ಎಂದು ಬರೆಯುವ ರೂಢಿಯಿತ್ತು. ಅದು ಹುಳುಗಳ ದೊರೆಯ ಹೆಸರು, ದೊರೆಯ ಹೆಸರು ಕಂಡರೆ ಪ್ರಜೆಗಳು ಹತ್ತಿರ ಬರುವುದಿಲ್ಲ ಎಂಬ ನಂಬಿಕೆ. ಈ ಪುಸ್ತಕದಲ್ಲಿ ಹುಳುಗಳು ಆ ಹೆಸರೊಂದನ್ನು ಬಿಟ್ಟು ಸುತ್ತಲಿನದನ್ನೆಲ್ಲ ತಿಂದು ತೇಗಿವೆ. ಅಂಟಕ್ಕ ಮಾತ್ರ ಅಂಟಿನ ಡಬ್ಬಿಯ ಮುಚ್ಚಳದ ಮೇಲೆ ಅದೇ ಹೆಸರು ಬರೆದಿಟ್ಟಿದ್ದಾರೆ. ಕೆಲಸ ಮಾಡುತ್ತದೆಯೇ ಎಂದರೆ, ಇಲ್ಲಿಯವರೆಗೂ ಅಂಟಿಗೆ ಹುಳು ಬಿದ್ದಿಲ್ಲವಲ್ಲ ಎಂದು ನನಗೇ ಪ್ರಶ್ನೆ ಹಾಕುತ್ತಾರೆ.

ಕೆಲವು ವಾರ ಬಿಟ್ಟು ನಾನು ಮತ್ತೆ ಹೋದಾಗ ಹಾಳೆಗಳ ತೇಪೆಯೆಲ್ಲ ಮುಗಿದು ಪುಸ್ತಕ ಕಟ್ಟುವ ದಿನ ಬಂದಿದೆ. ಹೊಲಿಯುತ್ತಿರುವವರು ತಾತ. ಹೊಲಿಗೆಗೆ ಕಣ್ಣು ಬೇಕಿಲ್ಲ, ಬೆರಳು ಸಾಕು ಎಂದು ಅಂಟಕ್ಕನೇ ಹೇಳಿ ಮುಖ್ಯಸ್ಥೆಯನ್ನು ಒಪ್ಪಿಸಿದ್ದಾರೆ. ಸೂಜಿಗೆ ದಾರ ಪೋಣಿಸಿ ಕೊಡುವುದಷ್ಟೇ ಸೊಸೆಯ ಕೆಲಸ. ಬೆರಳುಗಳು ಹಾಳೆಗಳ ಮಡಿಕೆಯ ಒಳಗೆ ಹೋಗಿ ಹೊರಗೆ ಬರುವ ವೇಗ ನೋಡಿದರೆ ಇಷ್ಟು ವರ್ಷ ಮನೆಯಲ್ಲಿ ಸುಮ್ಮನೆ ಕುಳಿತಿದ್ದವರೆಂದು ಯಾರೂ ಹೇಳಲಾರರು. ಹೊಲಿಗೆ ಮುಗಿದು, ಬೆನ್ನಿಗೆ ಅಂಟು ಹಚ್ಚಿ, ರಟ್ಟು ಕೂರಿಸಿದ್ದಾಯಿತು.

ಈಗ ಉಳಿದದ್ದು ಒಂದೇ. ಕಟ್ಟಿದ ಪುಸ್ತಕವನ್ನು ಒತ್ತಿಡಬೇಕು, ಹಗುರವಾಗಿ, ಬೆನ್ನು ಹಿಡಿದುಕೊಳ್ಳುವಷ್ಟು. ತಾತ ಕಲ್ಲು ತರಲು ಹೇಳುತ್ತಾರೆ. ಅಂಟಕ್ಕ ಕೇಳಿಸದವರಂತೆ ಮೂಲೆಗೆ ಹೋಗಿ, ಫ್ಲಾಸ್ಕ್ ತೆಗೆದು ನನ್ನ ಕೈಗೆ ಕೊಟ್ಟು, ಯಂತ್ರದ ಮೇಲಿನ ಬಟ್ಟೆ ಎಳೆಯುತ್ತಾರೆ. ಮೊದಲೇ ಎಣ್ಣೆ ಹಾಕಿ ಒರೆಸಿಟ್ಟಿರುವುದು ಆಗ ನನಗೆ ಗೊತ್ತಾಗುತ್ತದೆ. ಪುಸ್ತಕವನ್ನು ಮೆತ್ತನೆಯ ಹಲಗೆಗಳ ನಡುವೆ ಇಟ್ಟು ಒಳಗೆ ಸೇರಿಸಿ, ಮಾವನ ಕೈ ಹಿಡಿದು ಕರೆತಂದು ಚಕ್ರದ ಮೇಲಿಡುತ್ತಾರೆ. ಕಬ್ಬಿಣ ತಾಗಿದ್ದೇ ತಾತ ಕೈ ಹಿಂದಕ್ಕೆಳೆದುಕೊಳ್ಳುತ್ತಾರೆ. ಬೇಡ ಎನ್ನುತ್ತಾರೆ. ನನ್ನ ಕೈ ಭಾರ ಎನ್ನುತ್ತಾರೆ.

"ತಿರುಗಿಸಿ ಮಾವ. ಈಗ ಹಾಳೆ ಒಣಗಿದೆ," ಎನ್ನುತ್ತಾರೆ ಸೊಸೆ. ಕೈಯನ್ನು ಬಲವಂತ ಮಾಡುವುದಿಲ್ಲ. ಬಾಗಿಲಲ್ಲಿ ಮುಖ್ಯಸ್ಥೆ ಬಂದು ನಿಂತಿದ್ದಾರೆ. ನಾನು ಫ್ಲಾಸ್ಕ್ ಅಪ್ಪಿಕೊಂಡು ನಿಂತಿದ್ದೇನೆ.

ತಾತ ತಾವಾಗಿಯೇ ಕೈ ಚಾಚುತ್ತಾರೆ. ಚಕ್ರವನ್ನು ಹುಡುಕುತ್ತಾರೆ, ಹಿಡಿಯುತ್ತಾರೆ. ಮೆಲ್ಲಗೆ ತಿರುಗಿಸುತ್ತಾರೆ, ಹಲಗೆ ಪುಸ್ತಕವನ್ನು ಮುಟ್ಟುವವರೆಗೆ, ಆಮೇಲೆ ಕೂದಲೆಳೆಯಷ್ಟು ಇನ್ನೂ. ನಿಲ್ಲಿಸಿ ಎಂದು ಯಾರೂ ಹೇಳುವುದಿಲ್ಲ.

"ಸಾಕು," ಎಂದು ತಾತನೇ ಹೇಳಿ ಕೈ ತೆಗೆಯುತ್ತಾರೆ.

ಪುಸ್ತಕ ಇನ್ನು ಮೇಲಿನ ಮಹಡಿಯಲ್ಲಿ ಗಾಜಿನ ಪೆಟ್ಟಿಗೆಯೊಳಗೆ ಎಲ್ಲರಿಗೂ ಕಾಣುವಂತೆ ಇರುತ್ತದೆ, ಇಬ್ಬರು ಬಿಲ್ಲುಗಾರರ ಪುಟ ತೆರೆದುಕೊಂಡು. ಇಷ್ಟೆಲ್ಲ ಗೆದ್ದ ಮೇಲೆ ನಿಮಗೆ ಇನ್ನೇನಾಸೆ ಎಂದು ಹೊರಡುವಾಗ ಅಂಟಕ್ಕನನ್ನು ಕೇಳುತ್ತೇನೆ. ಅವರು ನನ್ನ ಕೈಯಿಂದ ಫ್ಲಾಸ್ಕ್ ತೆಗೆದುಕೊಂಡು ಕೋಣೆಯ ಸುತ್ತ ಕಣ್ಣಾಡಿಸುತ್ತಾರೆ.

"ಇದಕ್ಕೊಂದು ಜಾಗ ಹುಡುಕಬೇಕು. ಯಂತ್ರದ ಮೇಲೆ ಇಡೋ ಹಾಗಿಲ್ಲ ಇನ್ಮೇಲೆ. ಮಾವ ನಾಳೆಯಿಂದ ಕೆಲಸಕ್ಕೆ ಬರ್ತಾರಂತೆ."